ಮೈ ಕೊಡವದ ಟಗರು

ಆ ದಿನಗಳಲ್ಲಿ ನಾರಾಯಣಪೇಟೆಯಲ್ಲಿ ಬೆಳಗಾದರೆ ಎಲ್ಲರೂ ಕೇಳುತ್ತಿದ್ದ ಮೊದಲ ಮಾತು, "ಇವತ್ತು ಏನೇನು ಬಂದ್?" ಎಂಬುದು. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ದೊಡ್ಡವರೆಲ್ಲ ರಸ್ತೆಗಿಳಿದಿದ್ದರು. ಬಸ್ಸುಗಳು ಡಿಪೋದಿಂದ ಹೊರಬೀಳುತ್ತಿರಲಿಲ್ಲ, ಮಕ್ತಲಿಗೆ ಹೋಗುವವರು ಆಟೋಗಳಿಗೆ ಜೋತು ಬೀಳುತ್ತಿದ್ದರು, ಶಾಲೆಯ ಗೇಟಿಗೆ ಬೀಗ. ಚೌಕಿನಲ್ಲಿ ಜನ ನಡುರಸ್ತೆಯಲ್ಲೇ ಒಲೆ ಹೂಡಿ ಅನ್ನ ಬೇಯಿಸಿ, ಅಲ್ಲೇ ಕುಳಿತು ಉಣ್ಣುತ್ತಿದ್ದರು. ಅದಕ್ಕೆ ವಂಟಾವಾರ್ಪು ಎನ್ನುತ್ತಿದ್ದರು. ದೊಡ್ಡವರಿಗೆ ಅದು ಹೋರಾಟ, ಐದನೇ ಕ್ಲಾಸಿನ ನಮಗೆ ಮುಗಿಯದ ರಜೆ. ಆ ರಜೆಯಲ್ಲಿ ನಾನೊಂದು ಜಾಣತನದ ಕೆಲಸ ಮಾಡಿದೆ. ಅದನ್ನು ಯಾರಿಗೂ ಹೇಳದೆ ಬಹಳ ವರ್ಷ ಇದ್ದೆ.

ನಮ್ಮದು ಊರ ಅಂಚಿನ ಕುರುಬರ ಓಣಿ. ಅಪ್ಪ ಮತ್ತು ತಾತ ಕುರಿ ಕಾಯುವವರು. ಮನೆಗೆ ಕಾಲಿಟ್ಟರೆ ಹಿಕ್ಕೆಯ ವಾಸನೆ, ಕಂಬಳಿಯ ವಾಸನೆ, ಜೋಳದ ರೊಟ್ಟಿಯ ವಾಸನೆ, ಇವೆಲ್ಲದರ ಮೇಲೆ ಅವ್ವನ ಬಾಯಿ. ಬೈಗುಳದಲ್ಲಿ ಅವ್ವನಿಗೆ ಓಣಿಯಲ್ಲಿ ಸಾಟಿಯೇ ಇರಲಿಲ್ಲ. "ನಿನ್ನ ಹೆಣಾ ಎತ್ಲಿ, ಬಾ ಇಲ್ಲಿ" ಎಂದು ಕರೆದು ತಲೆ ಬಾಚುತ್ತಿದ್ದಳು. "ನಿನ್ನ ಬಾಯಾಗ ಮಣ್ಣ ಹಾಕ" ಎನ್ನುತ್ತಲೇ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಬಾಯಿಗಿಡುತ್ತಿದ್ದಳು. ಅವಳು ಬೈಯುತ್ತಿದ್ದರೆ ಪಕ್ಕದ ಮನೆಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಗುತ್ತಾ ಕೇಳುತ್ತಿದ್ದರು. ಬೈಸಿಕೊಳ್ಳದ ದಿನ ನನಗೇ ಏನೋ ಕಳೆದುಕೊಂಡ ಹಾಗೆ ಅನಿಸುತ್ತಿತ್ತು.

ನಮ್ಮ ಓಣಿ ಮುಗಿಯುವಲ್ಲಿ ನೇಕಾರರ ಮನೆಗಳು ಶುರುವಾಗುತ್ತಿದ್ದವು. ಮೊದಲನೆಯದೇ ನನ್ನ ಗೆಳತಿ ಶಿವಲೀಲಾಳ ಮನೆ. ಅವರು ಲಿಂಗ ಕಟ್ಟಿಕೊಳ್ಳುವವರು, ಮಾಂಸ ಮುಟ್ಟದವರು. ಮಗ್ಗದ ಕೋಣೆಯವರೆಗೆ ನನಗೆ ಪ್ರವೇಶ, ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೆ ಯಾರೂ ನನ್ನನ್ನು ಬೈದದ್ದಿಲ್ಲ. ದಾಟಬಾರದು ಎಂದು ನನಗೇ ಗೊತ್ತಿತ್ತು, ಅಷ್ಟೆ. ಟಿವಿ ಮಗ್ಗದ ಕೋಣೆಯಲ್ಲೇ ಇತ್ತು. ಅವಳ ಅಪ್ಪ ಸೀರೆ ನೇಯುತ್ತಾ ಕುಳಿತರೆ ಮಗ್ಗದ ಸದ್ದಿನಲ್ಲಿ ಟಿವಿಯ ಮಾತು ಅರ್ಧಕ್ಕರ್ಧ ಕೇಳುತ್ತಿರಲಿಲ್ಲ. ಹಾಗಾಗಿ ನಾವು ಕಣ್ಣಲ್ಲೇ ನೋಡುವುದನ್ನು ಕಲಿತೆವು. ಯಾರು ಏನು ಹೇಳಿದರು ಎನ್ನುವುದಕ್ಕಿಂತ ಅವರ ಹಿಂದಿನ ಗೋಡೆಯ ಮೇಲೆ ಏನಿದೆ ಎಂದು ಹುಡುಕುತ್ತಿದ್ದೆವು.

ಅದೊಂದು ಹೊರದೇಶದ ಕಾರ್ಟೂನು, ತೆಲುಗಿನಲ್ಲಿ ಮಾತಾಡುತ್ತಿತ್ತು. ಅದರಲ್ಲಿ ಮಾಂಸದ ಅಂಗಡಿಯ ಒಬ್ಬ ಅಪ್ಪ, ಅವನ ಹೆಂಡತಿ, ಒಬ್ಬಳು ಮಗಳು, ಸದಾ ತೂಕಡಿಸುವ ಒಬ್ಬ ಅಜ್ಜ. ಒಂದು ಕಂತಿನಲ್ಲಿ ಆ ಮಗಳು ಊಟದ ಮೇಜಿನಲ್ಲಿ ತಟ್ಟೆಯನ್ನು ಆಚೆ ತಳ್ಳಿ, ಇನ್ನು ಮಾಂಸ ತಿನ್ನುವುದಿಲ್ಲ ಅನ್ನುತ್ತಾಳೆ. ಊರೆಲ್ಲ ನಗುತ್ತದೆ, ಅಪ್ಪನಿಗೆ ಅವಮಾನ. ಕೊನೆಗೆ ಅವನೇ ಅವಳಿಗೊಂದು ಸಣ್ಣ ಪಾತ್ರೆಯಲ್ಲಿ ಅವರೆಕಾಳು ಬೇಯಿಸಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಆ ಕಂತನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ನಾವೊಂದು ನೋಟ್‌ಬುಕ್ಕು ಮಾಡಿ, ಕಂಡದ್ದನ್ನೆಲ್ಲ ಬರೆದೆವು. ಅಂಗಡಿಯ ಗಡಿಯಾರದಲ್ಲಿ ಯಾವಾಗಲೂ ನಾಲ್ಕೂಕಾಲು. ಅಂಗಡಿಯ ಬೋರ್ಡಿನ ಬಣ್ಣ ಪ್ರತಿ ಸಲವೂ ಬೇರೆ. ಜನರ ಗುಂಪಿನಲ್ಲಿ ಕನ್ನಡಕ ಹಾಕಿಕೊಂಡ ಒಂದು ಆಕಳು. ಆ ಹುಡುಗಿಯ ಕೋಣೆಯಲ್ಲಿ ದುಂಡು ಕನ್ನಡಕದ, ಕೋಲು ಹಿಡಿದ, ಬೋಳುತಲೆಯ ಮುದುಕನ ಪಟ. "ಏ, ಇವ್ರು ನಮ್ಮ ನೋಟಿನ ಮ್ಯಾಲಿನ ತಾತ!" ಎಂದು ನಾವು ಕುಣಿದಾಡಿದೆವು. ಹುಡುಗಿ ತಟ್ಟೆ ತಳ್ಳುವಾಗ ತಂತಿ ಮೀಟಿದ ಹಾಗೆ ಒಂದು ರಾಗ ಬರುತ್ತಿತ್ತು. ಶಿವಲೀಲಾಳ ಅಪ್ಪ ಮಗ್ಗ ನಿಲ್ಲಿಸಿ ಕೇಳಿ, "ಇದು ನಮ್ಮ ಕಡೀದ ರಾಗ ಐತಿ" ಎಂದರು. ಅದನ್ನೂ ಬರೆದೆವು.

ಎಲ್ಲಕ್ಕಿಂತ ದೊಡ್ಡ ಶೋಧ ಬೇರೆಯೇ ಇತ್ತು. ಆ ಹುಡುಗಿಯ ಮೇಲೆ ಸಿಟ್ಟಾದ ಊರಿನವರು ನಡುರಸ್ತೆಗೆ ಒಲೆ ತಂದಿಟ್ಟು ಮಾಂಸ ಬೇಯಿಸುತ್ತಿದ್ದರು. ನಮ್ಮ ಚೌಕಿನ ವಂಟಾವಾರ್ಪು ಆ ದೇಶದವರಿಗೆ ಹೇಗೆ ಗೊತ್ತಾಯಿತು ಎಂದು ಎರಡು ದಿನ ತಲೆ ಕೆಡಿಸಿಕೊಂಡೆವು. ಆಮೇಲೆ, ಹಾಗಾದರೆ ಈ ಕಥೆ ನಮ್ಮದೇ ಎಂದು ತೀರ್ಮಾನಿಸಿದೆವು. ಆ ಹುಡುಗಿ ನಾನೇ ಆಗಬೇಕು ಎಂದು ನನಗೆ ಅನಿಸಿದ್ದು ಹಾಗೆ.

ಅದಕ್ಕೆ ಕಾರಣವೂ ಇತ್ತು, ನಮ್ಮ ಟಗರು ಕರಿಯ. ಹಿಂದಿನ ಮಳೆಗಾಲದಲ್ಲಿ ನನ್ನ ತಮ್ಮ ಮಾಳಿಂಗನಿಗೆ ವಿಪರೀತ ಜ್ವರ ಬಂದಿತ್ತು. ಅವನಿಗೆ ಆಗಿನ್ನೂ ಎರಡು ವರ್ಷ. ಉಳಿದರೆ ಟಗರು ಕೊಡುತ್ತೇನೆ ಎಂದು ಅವ್ವ ಬೀರಪ್ಪನಿಗೆ ಹರಕೆ ಹೊತ್ತಳು. ಮಾಳಿಂಗ ಉಳಿದ. ಒಂದು ಗಂಡುಮರಿಯ ಕಿವಿ ಕೊಯ್ದು ಗುರುತು ಮಾಡಿ ದೇವರಿಗೆಂದು ಬಿಟ್ಟರು. ಅದರ ತಾಯಿ ಹಾಲು ಕೊಡುತ್ತಿರಲಿಲ್ಲ, ಸೀಸೆಯಲ್ಲಿ ಕುಡಿಸಿ ಬೆಳೆಸಿದವಳು ನಾನು. ಅದು ನನ್ನ ಲಂಗ ಜಗ್ಗುತ್ತಾ ಓಣಿಯೆಲ್ಲ ತಿರುಗುತ್ತಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ, ಕಾರ್ಟೂನಿನ ಹುಡುಗಿಯ ಹಾಗೆಯೇ ತಟ್ಟೆ ತಳ್ಳಿ, "ನಾ ಇನ್ನ ಮಾಂಸ ತಿನ್ನಂಗಿಲ್ಲ" ಎಂದೆ. ಅಪ್ಪ ನಕ್ಕ.

"ನಿನ್ನ ಹೆಣಾ ಎತ್ಲಿ, ಕುರುಬರ ಮನ್ಯಾಗ ಹುಟ್ಟಿ ಏನ್ ತಿಂತೀ, ಹುಲ್ಲು ತಿಂತೀಯೇನ?" ಎಂದಳು ಅವ್ವ. ಬೈಯುತ್ತಲೇ ಎದ್ದು ಹೋಗಿ ಬೆಳಗಿನ ಪುಂಡಿಸೊಪ್ಪಿನ ಪಲ್ಲೆ ಬಿಸಿ ಮಾಡಿ ತಂದು ನನ್ನ ತಟ್ಟೆಗೆ ಹಾಕಿದಳು. ಅಂದಿನಿಂದ ಮನೆಯಲ್ಲಿ ಮಾಂಸ ಬೆಂದ ದಿನವೆಲ್ಲ ನನಗೊಂದು ಸಣ್ಣ ಗಡಿಗೆಯಲ್ಲಿ ಪಲ್ಲೆ ಬೇರೆ ಬೇಯುತ್ತಿತ್ತು. ಆದರೆ ನನಗೆ ಬೇಕಾದದ್ದು ಕರಿಯನ ಜೀವ. ಪೂರ್ತಿ ನಿಜ ಹೇಳಬೇಕೆಂದರೆ, ಶಿವಲೀಲಾಳ ಅಡುಗೆಮನೆಯೊಳಗೆ ಒಮ್ಮೆ ಕಾಲಿಡುವ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು.

"ತಾತ, ಕರಿಯಾನ್ನ ಕೊಯ್ಯಲೇಬೇಕೇನು?" ಎಂದು ಕೇಳಿದೆ.

ತಾತ ಕಂಬಳಿ ಹೊಲಿಯುತ್ತಿದ್ದ. "ನಾವ್ಯಾರವ್ವಾ ಕೊಯ್ಯಾಕ? ಅದರ ಮೈಮ್ಯಾಲ ನೀರ ಹಾಕ್ತೀವಿ. ಅದು ಮೈ ಜಾಡಿಸಿದ್ರ ದ್ಯಾವರು ಒಪ್ಪಿದಂಗ. ಜಾಡಿಸಲಿಲ್ಲ ಅಂದ್ರ ಯಾರೂ ಅದರ ಕೂದಲಾನೂ ಮುಟ್ಟಂಗಿಲ್ಲ."

ನಮ್ಮವರಲ್ಲಿ ಈಗಲೂ ಅದು ಹಾಗೆಯೇ. ನೀರಿಗೆ ಟಗರು ಮೈ ಕೊಡವಿದರಷ್ಟೇ ದೇವರ ಒಪ್ಪಿಗೆ. ತಾತ ಸಮಾಧಾನಕ್ಕೆ ಹೇಳಿದ ಮಾತನ್ನು ನಾನು ಉಪಾಯವೆಂದು ಹಿಡಿದುಕೊಂಡೆ.

ಮರುದಿನದಿಂದ ನಾನು ಮತ್ತು ಶಿವಲೀಲಾ ಹಿತ್ತಲಲ್ಲಿ ಕರಿಯನ ಬೆನ್ನಿಗೆ ತಂಬಿಗೆ ನೀರು ಹಾಕತೊಡಗಿದೆವು. ಮೊದಲ ದಿನ ಅದು ಕೊಡವಿದ್ದಕ್ಕೆ ನಾವಿಬ್ಬರೂ ತೊಯ್ದು ತೊಪ್ಪೆಯಾದೆವು. ಕೊಡವದೆ ನಿಂತರೆ ಒಂದು ಹಿಡಿ ಒಣ ಶೇಂಗಾ ಬಳ್ಳಿ, ಕೊಡವಿದರೆ ಏನೂ ಇಲ್ಲ. ದಿನಕ್ಕೆ ನಾಲ್ಕು ಸಲ. ಕಾರ್ಟೂನಿನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅದನ್ನೂ ಬರೆದಿಟ್ಟೆವು: ಇವತ್ತು ಮೂರು ಸಲ ಕೊಡವಿತು, ಇವತ್ತು ಬಾಲ ಮಾತ್ರ ಅಲ್ಲಾಡಿತು. ಬಂದ್ ಮುಗಿಯಲಿಲ್ಲ, ನಮಗೆ ಬೇಕಾದಷ್ಟು ಸಮಯವಿತ್ತು. ಮೂರು ವಾರವಾಗುವಷ್ಟರಲ್ಲಿ ಒಂದು ಕೊಡ ನೀರು ಸುರಿದರೂ ಕರಿಯ ಕಲ್ಲಿನ ಹಾಗೆ ನಿಂತು ನನ್ನ ಕೈಯನ್ನೇ ನೋಡುತ್ತಿತ್ತು.

ಹರಕೆ ತೀರಿಸಲು ಒಂದು ಭಾನುವಾರ ಬೀರಪ್ಪನ ಗುಡಿಗೆ ಹೋದೆವು. ಓಣಿಯ ಜನರೆಲ್ಲ ಬಂದಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಪೂಜಾರಿ ಕರಿಯನ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಬೆನ್ನಿಗೆ ನೀರು ಹಾಕಿದ. ಕರಿಯ ಅಲುಗಲಿಲ್ಲ. ಎರಡನೇ ತಂಬಿಗೆ, ಮೂರನೇ ತಂಬಿಗೆ. ಅದು ಕತ್ತು ತಿರುಗಿಸಿ ಗುಂಪಿನಲ್ಲಿ ನನ್ನನ್ನು ಹುಡುಕಿತು. ಹಿಗ್ಗಿನಿಂದ ನನಗೆ ಕುಣಿಯುವಂತಾಗಿತ್ತು.

ಇನ್ನೇನು ಹಗ್ಗ ಬಿಚ್ಚಿ ಕರಿಯನನ್ನು ನನ್ನ ಕೈಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಯಾರೂ ಹಗ್ಗ ಬಿಚ್ಚಲಿಲ್ಲ. ಪೂಜಾರಿ ಅವ್ವನ ಕಡೆ ತಿರುಗಿದ.

"ಯಲ್ಲಮ್ಮಾ, ಹರಕಿ ಹೊತ್ತಾಕಿ ನೀನು. ದ್ಯಾವರು ಒಲ್ಲೆ ಅಂತಾನ. ಏನರ ತಪ್ಪಾಗಿದ್ರ ಇಲ್ಲೇ ಒಪ್ಪಿಕೋ. ಕೂಸಿನ ಮಾತೈತಿ ಇದು."

ಅವ್ವ ಕಂಕುಳಲ್ಲಿದ್ದ ಮಾಳಿಂಗನನ್ನು ಅಪ್ಪನ ಕೈಗೆ ಕೊಟ್ಟು, ಗುಡಿಯ ಮುಂದೆ ಬೋರಲು ಬಿದ್ದಳು.

"ತಪ್ಪಾಗೇತಿ ನಮ್ಮಪ್ಪಾ" ಎಂದಳು. "ಜ್ವರ ಬಂದ ಮೂರನೇ ದಿನ, ಕಣ್ಣಿಗೆ ನಿದ್ದಿ ಇಲ್ಲ, ಇವನ ಅಳು ನಿಂದ್ರವಲ್ದು. ಸತ್ತರ ಸಾಯಿ, ನನಗ ಸಾಕಾಗೇತಿ ಅಂದೆ. ನಾ ದಿನಾ ಬೈತೀನಿ, ಅವು ಬಾಯಿಮಾತು. ಇದು ಹಂಗಲ್ಲ. ಆ ಗಳಿಗ್ಯಾಗ ಮನಸಿನಿಂದನೂ ಅಂದೆ."

ಅಪ್ಪ ಮಾಳಿಂಗನನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಆ ಎರಡು ಹೆಜ್ಜೆ ನನಗೆ ಈಗಲೂ ಕಾಣುತ್ತವೆ. ನಾನು ಬಾಯಿಬಿಟ್ಟು, ಅವ್ವನದು ತಪ್ಪಿಲ್ಲ, ಟಗರಿಗೆ ನಾವೇ ಕಲಿಸಿದ್ದೇವೆ ಎನ್ನಬಹುದಿತ್ತು. ಶಿವಲೀಲಾ ಅಲ್ಲಿ ಇರಲಿಲ್ಲ. ನನ್ನ ಲಂಗದ ಮಡಿಕೆಯಲ್ಲಿ ಶೇಂಗಾ ಬಳ್ಳಿ ಇತ್ತು. ಹೆದರಿ ನಾನು ಸುಮ್ಮನೆ ನಿಂತೆ.

ಅವ್ವನ ತಲೆಯ ಮೇಲೆ ಐದು ಕೊಡ ನೀರು ಸುರಿದರು. ಒದ್ದೆ ಸೀರೆಯಲ್ಲೇ ಅವಳು ಕಾದ ಕಲ್ಲಿನ ಮೇಲೆ ಗುಡಿ ಸುತ್ತ ಉರುಳಿದಳು. ಮೊಣಕೈ ತರಚಿ ರಕ್ತ ಬಂತು. ಆಮೇಲೆ ಪೂಜಾರಿ ಮತ್ತೆ ಕರಿಯನಿಗೆ ನೀರು ಹಾಕಿದ. ಈ ಸಲ ತಲೆಯ ಮೇಲೆ ಹಾಕಿದ, ನೀರು ಕಿವಿಯೊಳಕ್ಕೆ ಇಳಿಯಿತು. ನಾವು ಬೆನ್ನಿಗೆ ಮಾತ್ರ ಹಾಕಿ ಕಲಿಸಿದ್ದೆವು. ಕರಿಯ ಕಿವಿ ಪಟಪಟಿಸಿ ಇಡೀ ಮೈ ಕೊಡವಿತು. ಜನ ಹೋ ಎಂದು ಭಂಡಾರ ತೂರಿದರು.

ಆ ಸಂಜೆ ತಟ್ಟೆಗೆ ಬಿದ್ದದ್ದನ್ನು ನಾನು ತಿಂದೆ. ತಟ್ಟೆ ತಳ್ಳಿದರೆ ಎಲ್ಲಿ ಗುಟ್ಟು ಹೊರಬೀಳುತ್ತದೋ ಎಂಬ ಭಯ. ನನಗೆಂದು ಬೇಯಿಸಿದ್ದ ಪುಂಡಿಪಲ್ಲೆಯನ್ನು ಅವ್ವ ತನ್ನ ತಟ್ಟೆಗೆ ಹಾಕಿಕೊಂಡಳು. ಅಂದಿನಿಂದ ಇವತ್ತಿನವರೆಗೆ ಅವಳು ಮಾಂಸ ಮುಟ್ಟಿಲ್ಲ. ಬೈಗುಳವೂ ಅಂದೇ ನಿಂತಿತು. ಪಕ್ಕದ ಮನೆಯ ಹೆಂಗಸರು ಮೊದಮೊದಲು ಕೆಣಕಿ ನೋಡಿದರು. ಅವ್ವ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ರಾಜ್ಯ ಬಂತು. ಚೌಕಿನಲ್ಲಿ ಬಣ್ಣ ಎರಚಿ ಕುಣಿದರು. ಆಮೇಲೆ ನಮ್ಮೂರು ಜಿಲ್ಲೆಯೂ ಆಯಿತು. ಮಾಳಿಂಗ ಬೆಳೆದ. ಅಂದು ಗುಡಿಯ ಮುಂದೆ ನಡೆದದ್ದನ್ನು ಓಣಿ ಮರೆತಿರಲಿಲ್ಲ. ಗೋಲಿ ಆಡುವಾಗ ಜಗಳವಾದರೆ ಹುಡುಗರು, "ನಿಮ್ಮವ್ವ ನಿನಗ ಸಾಯಿ ಅಂದಿದ್ಲಂತ" ಎನ್ನುತ್ತಿದ್ದರು. ಅವನು ಅದನ್ನು ಅವ್ವನನ್ನು ಕೇಳಲಿಲ್ಲ, ನನ್ನನ್ನು ಕೇಳಿದ. "ಅಕ್ಕಾ, ಅವ್ವ ನನಗ ಒಂದ ದಿನಾನೂ ಬೈದಿಲ್ಲ ನೋಡು. ಮಂದಿ ಮಕ್ಕಳಿಗೆ ಬೈದಂಗೂ ಬೈಯಂಗಿಲ್ಲ. ಖರೇನ ಅಂದಿದ್ಲೇನ ಹಂಗ?" ನಾನು ಆಗಲೂ ಮಾತು ತಿರುಗಿಸಿದೆ.

ಈಗ ನಾನು ಗದ್ವಾಲದ ಒಂದು ಆಸ್ಪತ್ರೆಯಲ್ಲಿ ನರ್ಸು. ಮಕ್ಕಳ ವಾರ್ಡು. ನಿದ್ದೆಗೆಟ್ಟ ತಾಯಂದಿರು ಏನೇನು ಅನ್ನುತ್ತಾರೆ, ಅಂದು ಹೇಗೆ ಅಳುತ್ತಾರೆ ಎಂಬುದನ್ನು ದಿನವೂ ಕೇಳುತ್ತೇನೆ. ಹೋದ ವರ್ಷ ಊಟದ ಬಿಡುವಿನಲ್ಲಿ ಆ ಕಾರ್ಟೂನಿನ ಕಂತು ಫೋನಿನಲ್ಲಿ ಸಿಕ್ಕಿತು. ಗಡಿಯಾರದಲ್ಲಿ ಇನ್ನೂ ನಾಲ್ಕೂಕಾಲು. ಕನ್ನಡಕದ ಆಕಳೂ ಇತ್ತು. ಕೊನೆಯಲ್ಲಿ ಅಪ್ಪ ಮಗಳ ಪಕ್ಕ ಕುಳಿತಾಗ ನಾನು ಅವರ ಹಿಂದೆ ನೋಡಿದೆ. ಅಲ್ಲಿ ತಾಯಿ ಇದ್ದಳು. ಇಡೀ ಕಂತಿನಲ್ಲಿ ಗಂಡನಿಗೆ, ಮಾವನಿಗೆ, ಮಗಳಿಗೆ ಬಡಿಸುತ್ತಲೇ ಇರುತ್ತಾಳೆ, ಅವಳ ಮುಂದೆ ಒಮ್ಮೆಯೂ ತಟ್ಟೆ ಇರುವುದಿಲ್ಲ. ಅಷ್ಟೆಲ್ಲ ಬರೆದ ನಾವು ಅದೊಂದನ್ನು ಬರೆದಿರಲಿಲ್ಲ.

ಆ ಭಾನುವಾರ ಊರಿಗೆ ಹೋಗಿ, ಅವ್ವನ ಮುಂದೆ ಕುಳಿತು ಎಲ್ಲ ಹೇಳಿದೆ. ತಂಬಿಗೆ, ಶೇಂಗಾ ಬಳ್ಳಿ, ಮೂರು ವಾರ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಅಂದ್ರ ಅವತ್ತು ದ್ಯಾವರು ನನ್ನ ಮ್ಯಾಲ ಸಿಟ್ಟಾಗಿದ್ದಿಲ್ಲೇನು?"

"ಇಲ್ಲವ್ವಾ. ಕರಿಯಾ ಬಳ್ಳಿ ಕೊಡ್ತಾಳೇನಂತ ನನ್ನ ನೋಡ್ತಿತ್ತು. ನನಗ ಬೈಯವ್ವಾ. ಬಾಯಿಗೆ ಬಂದಂಗ ಬೈ."

ಅವಳು ಕೈಯಿಂದ ನನ್ನ ತಲೆಗೂದಲು ಸರಿ ಮಾಡಿದಳು. "ನೀ ಸಣ್ಣಾಕಿ ಇದ್ದಿ" ಎಂದಳು, ಅಷ್ಟೆ.

ಅಷ್ಟರಲ್ಲಿ ಮಾಳಿಂಗ ಹೊಲದಿಂದ ಬಂದ. ಈಗ ಮೀಸೆ ಚಿಗುರಿರುವ ಹುಡುಗ. ಆಗಷ್ಟೇ ಸಾರಿಸಿದ ನೆಲದ ಮೇಲೆ ಕೆಸರುಗಾಲು ಊರುತ್ತಾ ಬಂದು, ಅವ್ವ ಆರಿಸಿಟ್ಟ ಅಕ್ಕಿಯ ಮೊರವನ್ನು ಕಾಣದೆ ಒದ್ದುಬಿಟ್ಟ. ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ಹಳೆಯ ಅವ್ವನಾಗಿದ್ದರೆ ಓಣಿಯ ಹೆಂಗಸರೆಲ್ಲ ಕೆಲಸ ಬಿಟ್ಟು ಬರುತ್ತಿದ್ದರು. ಅವನು ನಿಂತಲ್ಲೇ ನಿಂತು, ಇವತ್ತಾದರೂ ಬೈಯುತ್ತಾಳೇನೋ ಎಂಬಂತೆ ಅವ್ವನ ಮುಖ ನೋಡಿದ. ಅವ್ವ ಬಾಯಿ ತೆರೆದಳು. ಅವಳ ತುಟಿ ಒಂದೆರಡು ಸಲ ಅಲುಗಿತು.

"ಕಾಲು ತೊಳಕೊಂಡು ಬಾರಪ್ಪಾ, ಉಣ್ಣು" ಎಂದು ಬಾಗಿ, ಒಂದೊಂದೇ ಅಕ್ಕಿ ಎತ್ತತೊಡಗಿದಳು.