ದಿಣ್ಣೆಯ ಗಿಡ, ನೆರಳಿನ ಗಿಡ

ಆ ಗಾಂಜಾ ಗಿಡಗಳನ್ನು ನೆಟ್ಟವಳು ನಾನು, ಈರಣ್ಣ. ನೀನಲ್ಲ. ಬಿಳಿಗೆರೆಯ ನಮ್ಮ ತೋಟ ನೋಡಿಕೊಳ್ಳುತ್ತಿದ್ದ ನಿನ್ನ ಮೇಲೆ ಹದಿನೆಂಟು ವರ್ಷದಿಂದ ಕೂತಿರುವ ಅಪವಾದ ನನ್ನದು.

ಆಗ ನಾನು ತಿಪಟೂರಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಗಿಡದ ರೂಪ ಹುಟ್ಟಿನಿಂದ ಬರುತ್ತದೋ, ನೆಲದಿಂದಲೋ — ಪುಸ್ತಕದಲ್ಲಿ ಎರಡು ಸಾಲಿನ ಉತ್ತರವಿತ್ತು. ನನಗೆ ಕಣ್ಣಾರೆ ನೋಡಬೇಕಿತ್ತು. ತೆಂಗಿನಲ್ಲಿ ನೋಡೋಣವೆಂದರೆ ವರ್ಷಗಟ್ಟಲೆ ಕಾಯಬೇಕು. ತೋಟದ ಹಿಂದಿನ ಬೇಲಿಯಲ್ಲಿ ತಾನಾಗಿ ಎದ್ದಿದ್ದ ಗಾಂಜಾ ಗಿಡವೋ ವಾರವಾರಕ್ಕೂ ಬದಲಾಗುತ್ತಿತ್ತು. ತಪ್ಪೆಂದು ಗೊತ್ತಿತ್ತು. ಆದರೂ —

ಅದರ ಕುಡಿಗಳನ್ನು ಚಿವುಟಿ ಬೇರು ಬರಿಸಿ, ಅರ್ಧವನ್ನು ತೆಂಗಿನ ನೆರಳಲ್ಲಿ ಕಾಲುವೆಯ ಪಕ್ಕ ನೆಟ್ಟೆ, ಅರ್ಧವನ್ನು ಕೆಮ್ಮಣ್ಣಿನ ದಿಣ್ಣೆಯ ಮೇಲೆ. ಔಷಧಿ ಗಿಡ, ಕಾಲೇಜಿನ ಕೆಲಸ ಎಂದು ನಿನಗೆ ಹೇಳಿದೆ. ನೀನು ನಂಬಿ ದಿನಾ ನೀರು ಹಾಕಿದೆ.

ಎರಡೇ ತಿಂಗಳಲ್ಲಿ ಒಂದೇ ಗಿಡದ ಕುಡಿಗಳು ಗುರುತು ಸಿಗದಷ್ಟು ಬೇರೆಯಾದವು. ನೆರಳಿನವು ಬೆಳಕು ಹುಡುಕುತ್ತ ಉದ್ದುದ್ದ ಎದ್ದವು — ಗೆಣ್ಣಿನಿಂದ ಗೆಣ್ಣಿಗೆ ಗೇಣು ದೂರ, ಅಗಲವಾದ ತೆಳು ಎಲೆ. ದಿಣ್ಣೆಯವು ಕುಳ್ಳು, ಒತ್ತೊತ್ತು. ಮುಟ್ಟಿದರೆ ಬೆರಳಿಗೆ ಅಂಟು, ಮೂಗಿಗೆ ಘಾಟು. ಇದೆಲ್ಲ ಬಿಸಿಲು, ಮಣ್ಣು, ನೀರು ಮಾಡಿದ್ದು. ಪಕ್ಕದಲ್ಲೇ ಅದೇ ಬೇಲಿಯ ಗಿಡದ ಬೀಜ ಹಾಕಿ ಎಬ್ಬಿಸಿದ್ದ ಇನ್ನೊಂದು ಸಾಲು ಮಾತ್ರ ಬೇರೆಯೇ ಕಥೆ ಹೇಳಿತು — ಒಂದೇ ಮಣ್ಣು, ಒಂದೇ ಬಿಸಿಲು. ಆದರೂ ಒಂದರ ದಂಟು ನೇರಳೆ, ಪಕ್ಕದ್ದು ಅಚ್ಚಹಸಿರು, ಅದರಾಚೆಯದು ಗಂಡು. ಅದು ಹುಟ್ಟುಗುಣ. ನಾನು ಅಳತೆಪಟ್ಟಿ ಹಿಡಿದು ದಿಣ್ಣೆಗೂ ಕಾಲುವೆಗೂ ಓಡಾಡಿದ್ದೇ ಓಡಾಡಿದ್ದು. ಒಂದು ದಿನ ನೀನೂ ಬಂದು ನಿಂತು, "ಒಂದೇ ಗಿಡದ ಕುಡಿ ಅಂತೀಯ, ಹಿಂಗ್ಯಾಕಾಯ್ತವ್ವ?" ಎಂದೆ. ನಾನು ವಿವರಿಸಿದೆ. ನನ್ನ ಮೊದಲ ಪಾಠ ಕೇಳಿದವನು ನೀನು. ಇದನ್ನು ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತಿದೆ — ನಾಚಿಕೆ ಬರಬೇಕಾದ ಕಡೆ ಮೊದಲು ಸಂತೋಷವೇ ಬರುತ್ತದೆ, ಏನು ಮಾಡಲಿ...

ಪಕ್ಕದ ತೋಟದವರು ನೋಡಿ ಅಪ್ಪನಿಗೆ ಹೇಳಿದರು. ಅಪ್ಪ ನಮ್ಮಿಬ್ಬರನ್ನೂ ದಿಣ್ಣೆಯ ಮೇಲೆ ನಿಲ್ಲಿಸಿ, ಇದನ್ನು ಹಾಕಿದ್ದು ಯಾರು ಎಂದು ಕೇಳಿದರು.

"ದಿನಾ ನೀರಾಕೋನು ಈರಣ್ಣ ಕಣಪ್ಪ," ಎಂದೆ ನಾನು.

ಒಂದಕ್ಷರವೂ ಸುಳ್ಳಿಲ್ಲದ ಸುಳ್ಳು. ನೀನು ನನ್ನನ್ನೇ ನೋಡುತ್ತಿರುವುದು ಗೊತ್ತಾಯಿತು, ತಲೆಯೆತ್ತಲಿಲ್ಲ.

"ಹೂಂ ಗೌಡ್ರೆ. ನೀರಾಕಿದ್ದು ನಾನೇಯ," ಎಂದೆ ನೀನು. ಅಷ್ಟೇ.

ಅಪ್ಪ ಗಿಡಗಳನ್ನು ಕಿತ್ತು ಸುಟ್ಟರು. ಅಂದೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ಸುತ್ತಲಿನ ಯಾವ ತೋಟದವರೂ ನಿನ್ನನ್ನು ಸೇರಿಸಲಿಲ್ಲ. ನೀನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಶೆಟ್ಟಿಕೆರೆಗೆ ಹೋದೆ. ನಾನು ಮುಂದೆ ಓದಿ ಉಪನ್ಯಾಸಕಿಯಾದೆ. ಪ್ರತಿ ವರ್ಷ ಈ ಪಾಠ ಮಾಡುತ್ತೇನೆ — ಗಿಡದ ಹೆಸರು ಬದಲಿಸಿ, ನಿನ್ನ ಹೆಸರು ಬಿಟ್ಟು. ಹುಡುಗಿಯರು ಕಣ್ಣರಳಿಸಿ ಕೇಳುತ್ತಾರೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು, ಈರಣ್ಣನಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

"ಮತ್ತೆ ನಂಗ್ಯಾಕ್ ಮೊದ್ಲು ಹೇಳ್ದೆ?"

ಎದ್ದು ಒಳಗೆ ಹೋಗಿ ಈ ಕಾಗದ ಬರೆಯಲು ಕೂತೆ.

ಕಾಗದ ಕಳಿಸಿ ಕೈ ತೊಳೆದುಕೊಳ್ಳುವುದಿಲ್ಲ, ಈರಣ್ಣ. ಇದನ್ನು ಕೈಯಲ್ಲೇ ಹಿಡಿದು ನಾಳೆ ಮೊದಲ ಬಸ್ಸಿಗೆ ಶೆಟ್ಟಿಕೆರೆಗೆ ಬರುತ್ತೇನೆ. ನಿನ್ನೆದುರು, ನಿನ್ನ ಮಕ್ಕಳೆದುರು ಹೇಳುತ್ತೇನೆ. ಆಮೇಲೆ ಬಿಳಿಗೆರೆಯಲ್ಲಿ, ನಿನ್ನನ್ನು ಸೇರಿಸದ ಒಬ್ಬೊಬ್ಬರ ತೋಟಕ್ಕೂ ಹೋಗಿ ಹೇಳುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ — ಹೊರಗೆ ನಿಂತೇ ಹೇಳುತ್ತೇನೆ.