ಚಿಕ್ಕಮ್ಮ ಮತ್ತೆ ಮತ್ತೆ ನಿಲ್ಲಿಸಿದ ಕಪಾಟು

ಚಿಕ್ಕಪ್ಪನಿಗೆ ಕೋಪ ಬಂದರೆ ಮೊದಲು ಮುರಿಯುತ್ತಿದ್ದದ್ದು ಕಪಾಟು, ಚಿಕ್ಕಮ್ಮನ ಬೆನ್ನು ಬಡಿದು. ಮಲಗುವ ಕೋಣೆ ಅಷ್ಟು ಇಕ್ಕಟ್ಟು. ಭುಜ ಹಿಡಿದು ನೂಕಿದರೆ ಬೀಳಲು ಬೇರೆ ಜಾಗವೇ ಇರಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು, ಮನೆಯಲ್ಲೇ ಜೋಡಿಸಿಕೊಳ್ಳುವ ಜಾತಿಯ ಕಪಾಟು ಅದು. ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ಹಲಗೆ ಮನುಷ್ಯರ ಮೈಭಾರವನ್ನು ಎಷ್ಟು ಸಲ ತಾಳೀತು?

ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ತೋಳಿನ ಮೇಲಿನ ಕಲೆಗಳಿಗೆಲ್ಲ ಇಸ್ತ್ರಿ ಯಂತ್ರವೇ ಕಾರಣವೆಂದು ಸಲೀಸಾಗಿ ಹೇಳಿಬಿಡುತ್ತಿದ್ದಳು. ಕಪಾಟಿಗೆ ಮಾತ್ರ ಸುಳ್ಳು ಹೊಂದುತ್ತಿರಲಿಲ್ಲ. ಭಾನುವಾರ ತಪ್ಪದೆ ಅವಳಕ್ಕ, ಅಂದರೆ ನಮ್ಮಮ್ಮ, ಬರುತ್ತಿದ್ದಳು. ಮದುವೆಗೆ ಮುಂಚೆ ಅಮ್ಮ, ಇವನನ್ನು ಕಟ್ಟಿಕೊಂಡರೆ ಆಮೇಲೆ ಅತ್ತುಕೊಂಡು ಬರಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಹಠದಲ್ಲಿ ಚಿಕ್ಕಮ್ಮ ಅಮ್ಮನಿಗಿಂತ ಒಂದು ಕೈ ಮೇಲು. ಕಪಾಟು ನೆಟ್ಟಗೆ ನಿಂತಿದ್ದರೆ ಸಂಸಾರವೂ ನೆಟ್ಟಗಿದೆ ಎಂದು ಅಕ್ಕ ನಂಬುತ್ತಾಳೆ ಅನ್ನುವುದು ಅವಳ ಲೆಕ್ಕ. ಇಂಥ ದಡ್ಡತನ ನಮ್ಮ ಮನೆತನದವರಿಗೇ ಮೀಸಲು.

ಎರಡು ಹಲಗೆ ಕೂಡುವ ಕಡೆ ಗುಂಡಿಯಷ್ಟಗಲದ ಒಂದು ಲೋಹದ ಬಿಲ್ಲೆ ಇರುತ್ತದೆ. ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಪಕ್ಕದ ಹಲಗೆಯ ಸ್ಕ್ರೂವಿನ ತಲೆಯನ್ನು ಕಚ್ಚಿಕೊಳ್ಳುತ್ತದೆ. ಚಿಕ್ಕಪ್ಪ ನೂಕಿದಾಗಲೆಲ್ಲ ಮೊದಲು ಸೀಳುತ್ತಿದ್ದದ್ದು ಅದೇ. ಕಂಪನಿಗೆ ಫೋನ್ ಮಾಡಿದರೆ ಆ ಮಾಡೆಲ್ ನಿಂತುಹೋಗಿದೆ, ಹೊಸ ಕಪಾಟು ಕೊಳ್ಳಿ ಅಂದರು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕ ಬಿಲ್ಲೆಗಳು ಒಂದೋ ತೂತಿಗೆ ಇಳಿಯುತ್ತಿರಲಿಲ್ಲ, ಇಳಿದರೆ ಲೊಡಲೊಡ ಅನ್ನುತ್ತಿದ್ದವು. ಮುರಿದ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಊರೆಲ್ಲ ಅಲೆದು, ಕೊನೆಗೆ ಅವಳು ಹಳೇ ಪೀಠೋಪಕರಣದ ಗುಜರಿಯನ್ನು ಹಿಡಿದಳು. ಅದರ ಒಡತಿಯನ್ನು ಎಲ್ಲರೂ ಬುಲ್ಡೋಜರ್ ಅನ್ನುತ್ತಿದ್ದರು. ಮಂಚ, ಮೇಜು, ಏನೇ ಬರಲಿ, ಕಬ್ಬಿಣದ ಸಲಾಕೆಯಿಂದ ಬಡಿದು ಬಿಡಿಬಿಡಿ ಮಾಡಿ ಹಾಕುವ ಹೆಂಗಸು. ಚಿಕ್ಕಮ್ಮನ ಕಪಾಟಿಗೆ ಹೊಂದುವ ಬಿಲ್ಲೆಗಳನ್ನು ಹೇಗೋ ಹುಡುಕಿ ಕೊಡುತ್ತಿದ್ದಳು.

ಒಂದು ವಾರ ಚಿಕ್ಕಪ್ಪ ಸಾರು ತಣ್ಣಗಿದೆ ಎಂದು ರೇಗಿ, ಚಿಕ್ಕಮ್ಮನ ಜುಟ್ಟು ಹಿಡಿದು ಕಪಾಟಿಗೆ ಅಪ್ಪಳಿಸಿದ. ಈ ಸಲ ಬಾಗಿಲು, ಪಕ್ಕದ ಹಲಗೆ, ಮೇಲಿನ ಅಡ್ಡಹಲಗೆ ಎಲ್ಲ ಅವಳ ಮೈಮೇಲೇ ಕುಸಿದವು. ಶನಿವಾರ ಅವಳು ಕುಂಟುತ್ತಾ ಗುಜರಿಗೆ ಹೋದಾಗ ಅಲ್ಲಿಗೆ ಅದೇ ಮಾಡೆಲಿನ ಇಡೀ ಕಪಾಟೇ ಬಂದಿತ್ತು. ಬುಲ್ಡೋಜರ್ ಅವಳ ಕಣ್ಣೆದುರೇ ಅದನ್ನು ಸಲಾಕೆಯಿಂದ ಒಡೆದು, ಬಿಲ್ಲೆ, ಸ್ಕ್ರೂ, ಕೀಲು ಎಲ್ಲವನ್ನೂ ಕಿತ್ತು ಒಂದು ಚೀಲಕ್ಕೆ ಸುರಿದಳು.

"ತಗೋ ತಂಗಿ. ಇನ್ನು ನಿನ್ನ ಜೀವಮಾನಕ್ಕೆ ಸಾಕು," ಅಂದಳು.

ಚಿಕ್ಕಮ್ಮ ಚೀಲ ಎತ್ತಿಕೊಂಡಳು. ಭಾರವಾಗಿತ್ತು. ಇದು ಮುಗಿಯುವವರೆಗೆ ನಾನು ಏಟು ತಿನ್ನಬೇಕು ಅನ್ನಿಸಿತಂತೆ. ಚೀಲವನ್ನು ಅಲ್ಲೇ ಇಟ್ಟು ಬರಿಗೈಯಲ್ಲಿ ಮನೆಗೆ ಬಂದಳು.

ನಾಳೆ ನಿನ್ನಕ್ಕ ಬರುತ್ತಾಳೆ, ಇದನ್ನು ಎತ್ತಿ ನಿಲ್ಲಿಸು ಎಂದು ಚಿಕ್ಕಪ್ಪ ಗದರಿದ. ಅವನಿಗೂ ಆ ಕಪಾಟು ಬೇಕಾಗಿತ್ತು ನೋಡಿ, ದರಿದ್ರದವನಿಗೆ.

"ನಿಲ್ಸಲ್ಲ," ಅಂದಳು ಚಿಕ್ಕಮ್ಮ. "ಅಕ್ಕ ನೋಡ್ಲಿ."

ಬಟ್ಟೆ ತೂಗುಹಾಕುವ ಕಬ್ಬಿಣದ ಕೊಳವೆ ನೆಲದಲ್ಲೇ ಬಿದ್ದಿತ್ತು. ಅದನ್ನೆತ್ತಿ ಕೈ ಸೋಲುವವರೆಗೆ ಬಾರಿಸಿದ. ಎರಡು ಹಲ್ಲು ಉದುರಿದವು, ಒಂದು ಕಣ್ಣು ಮುಚ್ಚಿಹೋಯಿತು. ಅವಳು ನಿಲ್ಲಿಸುತ್ತೇನೆ ಅನ್ನಲೇ ಇಲ್ಲ. ಕೊನೆಗೆ ಅವನೇ ಕೊಳವೆ ಬಿಸಾಡಿ ಹೊರಗೆ ಹೋದ.

ಭಾನುವಾರ ಅಮ್ಮ ಮತ್ತು ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಹಲಗೆಗಳ ನಡುವೆ ಚಿಕ್ಕಮ್ಮ ಕೂತಿದ್ದಳು. ರಕ್ತ ಕೂಡ ಒರೆಸಿಕೊಂಡಿರಲಿಲ್ಲ.

"ಹೊಡೀತಾನೆ ಅಕ್ಕ. ಮೊದಲಿಂದ್ಲೂ ಹೊಡೀತಾನೆ."

ಅಮ್ಮ ಅವಳ ಪಕ್ಕ ಕುಸಿದು ಕೂತಳು. ಆ ಕಪಾಟಿನ ಬಾಗಿಲು ಒಂದು ವಾರ ಇದ್ದಂತೆ ಮತ್ತೊಂದು ವಾರ ಇರುತ್ತಿರಲಿಲ್ಲ, ಅದನ್ನು ತಾನು ಪ್ರತಿಸಲ ನೋಡುತ್ತಿದ್ದೆ ಎಂದು ತಡವರಿಸಿದಳು.

"ಗೊತ್ತಿತ್ತು ಕಣೆ. ನಿನ್ ಬಾಯಿಂದಾನೇ ಬರ್ಲಿ ಅಂತ ಸುಮ್ನಿದ್ದೆ."

ಯಾರ ಮೇಲೂ ಕೈ ಎತ್ತದ ಚಿಕ್ಕಮ್ಮ ಅಮ್ಮನ ಕೆನ್ನೆಗೆ ಬಾರಿಸಿದಳು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಮತ್ತೊಂದು ಕೊಟ್ಟಳು, ಮತ್ತೊಂದು. ನಾನು ಬಿಡಿಸಲಿಲ್ಲ. ಅಮ್ಮನ ಮೇಲೆ ನನಗೂ ಅಷ್ಟೇ ಸಿಟ್ಟು ಬಂದಿತ್ತು. ಆ ಏಟುಗಳು ನ್ಯಾಯವಾದವೇ ಎಂದು ಇವತ್ತಿಗೂ ಅನ್ನುತ್ತೇನೆ. ಅಮ್ಮ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಚಿಕ್ಕಮ್ಮನ ಸೊಂಟ ಬಳಸಿ ಎಬ್ಬಿಸುತ್ತಾ ಅಂದಳು:

"ಹೊಡಿ. ನಮ್ಮನೆವರೆಗೂ ಹೊಡ್ಕೊಂಡೇ ಬಾ. ಅವನು ಬರೋಕೆ ಮುಂಚೆ ಎದ್ದೇಳು."