ಹುಣಸೆಹಣ್ಣಿನಲ್ಲಿ ಉಜ್ಜಿದ ಪದಕಗಳು

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ದೇವರ ಸಾಮಾನು ತೊಳೆಯುವುದು ಹಿತ್ತಲ ಒಗೆಯುವ ಕಲ್ಲಿನ ಮೇಲೆ. ದೀಪ, ಗಂಟೆ, ಆರತಿ ತಟ್ಟೆ, ಅವುಗಳ ಜೊತೆಗೆ ಎರಡು ಪದಕ. ಎಲ್ಲಕ್ಕೂ ಒಂದೇ ಹುಣಸೆಹಣ್ಣು, ಒಂದೇ ಬೂದಿ.

ಹಿಂದಿನ ಒಂದು ಯುದ್ಧದಲ್ಲಿ ನನ್ನ ಅವ್ವ ಮತ್ತು ಅವಳ ಅಕ್ಕ ತಾವಾಗಿಯೇ ಹೆಸರು ಕೊಟ್ಟು ಗಡಿಯ ಆಸ್ಪತ್ರೆಗೆ ನರ್ಸುಗಳಾಗಿ ಹೋಗಿದ್ದರು. ಅವ್ವ ತಿರುಗಿ ಬಂದಳು. ದೊಡ್ಡವ್ವ ಅಲ್ಲೇ ಜ್ವರ ಹಿಡಿದು ತೀರಿಕೊಂಡಳು. ಪದಕ ಮಾತ್ರ ಇಬ್ಬರದೂ ಬಂದವು. ದೇವರ ಗೂಡಿನಲ್ಲಿ ಇಟ್ಟ ಮೇಲೆ ಅವೂ ದೇವರ ಸಾಮಾನೇ ಆದವು. ಮೊದಲೆಲ್ಲ ಅವ್ವನೇ ಉಜ್ಜುತ್ತಿದ್ದಳು, ಅವಳಿಗೆ ವಯಸ್ಸಾದ ಮೇಲೆ ನಾನು. ಒದ್ದೆಯಾಗುತ್ತದೆಂದು ಬಿಚ್ಚಿಟ್ಟ ಬಣ್ಣದ ಪಟ್ಟಿಗಳನ್ನು ಹುಳ ತಿಂದಿತು. ಅಂಚಿನಲ್ಲಿ ಕೊರೆದಿದ್ದ ಹೆಸರುಗಳನ್ನು ಹುಣಸೆಹಣ್ಣು ತಿಂದಿತು.

ಹೆಸರು ಅಳಿಸಿಹೋಗಿದ್ದು ನನ್ನ ಗಮನಕ್ಕೆ ಬಂದದ್ದೇ ಈಚೆಗೆ. ನನ್ನ ಮಗಳೂ ನರ್ಸು, ಹಾಸನದಲ್ಲಿ ಕೆಲಸ. ಗಡಿಯಲ್ಲಿ ಗುಂಡು ಹಾರುತ್ತಿದೆ ಎಂದು ಟಿವಿಯವರು ಕೂಗತೊಡಗಿದ್ದ ದಿನಗಳಲ್ಲಿ ಅವಳು ಬೆಳಗೋಡಿನಲ್ಲಿ ಬಸ್ಸಿಳಿದು ಮನೆಗೆ ಬಂದಳು. ನಾನು ಅಕ್ಕಿರೊಟ್ಟಿ ಬೇಯಿಸುತ್ತಿದ್ದೆ.

“ಅಮ್ಮ, ಗಡಿ ಕಡೆ ಆಸ್ಪತ್ರೇಲಿ ನರ್ಸುಗಳು ಬೇಕಂತೆ. ಹೆಸರು ಕೊಟ್ಬುಟ್ಟೆ.”

ರೊಟ್ಟಿ ಕಾವಲಿಯಲ್ಲೇ ಸೀದಿತು.

ಹೆದರಿಕೆ ನಮಗೆ ಹೊಸದಲ್ಲ. ತೋಟಕ್ಕೆ ಆನೆ ಬಂದಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ದನ ಒಳಗೆ ಕಟ್ಟಿ ಬಾಗಿಲು ಹಾಕಿಕೊಳ್ಳುತ್ತೇವೆ. ಇದಕ್ಕೆ ಯಾವ ಬಾಗಿಲು ಹಾಕಲಿ?

“ಅಜ್ಜಿ ಮೊಮ್ಮಗಳು ಕಣೆ ಅದು. ಬ್ಯಾಡ ಅಂದ್ರೆ ಕೇಳ್ತದಾ?” ಎಂದು ನನ್ನ ಯಜಮಾನರು ನಕ್ಕರು. ಆದರೆ ಅವರ ಲೋಟದಲ್ಲಿದ್ದ ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು.

ಹೊರಡುವ ಹಿಂದಿನ ದಿನ ಮಗಳು ಕೇಳಿದಳು, “ಅಜ್ಜಿ ಪದಕ ಕೊಡಮ್ಮ. ಪರ್ಸಲ್ಲಿ ಇಟ್ಕೊಂಡು ಹೋಯ್ತೀನಿ.”

ಗೂಡಿನಿಂದ ಎರಡನ್ನೂ ತೆಗೆದೆ. ಅಜ್ಜಿಯದು ಯಾವುದು? ಅಂಗಳದ ಬಿಸಿಲಿಗೆ ಹಿಡಿದು ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದರಲ್ಲಿ ಒಂದೇ ಒಂದು ಅಕ್ಷರ ಮಸುಕಾಗಿ ಉಳಿದಿತ್ತು. ಆ ಅಕ್ಷರ ಇಬ್ಬರ ಹೆಸರಿನಲ್ಲೂ ಇತ್ತು. ಒಂದು ತಿರುಗಿ ಬಂದವಳದು, ಇನ್ನೊಂದು ಬಾರದವಳದು.

ಅವ್ವ ಜಗುಲಿಯ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು.

“ಅವ್ವ, ಇದ್ರಲ್ಲಿ ನಿಂದ್ಯಾವ್ದು?”

“ಯಾಕೆ, ಮಾರ್ಬುಡ್ತೀಯಾ?”

“ತಮಾಷೆ ಬ್ಯಾಡ ಕಣವ್ವ. ಅವಳಿಗೆ ನಿಂದೇ ಕೊಡ್ಬೇಕು. ದೊಡ್ಡವ್ವಂದು ಕೊಟ್ಬುಟ್ರೆ...”

ಅವ್ವ ಕೈ ಒರೆಸಿಕೊಂಡು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡಳು. ತೂಗಿ ಹೇಳುತ್ತಾಳೇನೋ ಎಂದು ಕಾದೆ.

“ನಂಗೂ ಗೊತ್ತಿಲ್ಲ ಕಣೆ,” ಎಂದಳು. “ಗೊತ್ತಾಗಬಾರ್ದು ಅಂತ್ಲೇ ಅಂಚು ಉಜ್ಜಿದ್ದು. ಹೆಸರು ಕಾಣ್ತಿದ್ದಾಗ ಅಕ್ಕಂದು ಕೆಳಗಿಡೋಕೆ ಮನಸು ಬತ್ತಿರ್ಲಿಲ್ಲ, ನಂದು ಮುಟ್ಟೋಕೆ ಕೈ ಬತ್ತಿರ್ಲಿಲ್ಲ.”

ಇಷ್ಟು ವರ್ಷ ಅವಳು ಹಾಗೆ ಉಜ್ಜುವುದು ಬರೀ ಮಡಿ ಎಂದುಕೊಂಡಿದ್ದೆ. ಹೇಳಬಲ್ಲವಳು ಒಬ್ಬಳಿದ್ದಾಳೆ ಎಂಬ ಧೈರ್ಯವೂ ಹೋಯಿತು. ಅಷ್ಟರಲ್ಲಿ ಮಗಳು ಹಿಂದಿನಿಂದ ಬಂದು ಅಜ್ಜಿಯ ಅಂಗೈಯಿಂದ ಒಂದನ್ನು ಎತ್ತಿಕೊಂಡಳು.

“ತಡಿಯೇ!” ಎಂದು ಕಿರುಚಿಬಿಟ್ಟೆ.

“ಯಾಕಮ್ಮ? ದೊಡ್ಡಜ್ಜಿ ಏನು ಕೆಟ್ಟೋರಾ?”

ಅವ್ವನೇ ಹೇಳಿದಳು, “ಕೆಟ್ಟೋಳಲ್ಲ ಕಣವ್ವ. ಗೊರಕೆ ಹೊಡಿತಿದ್ಲು, ಅಷ್ಟೆಯ.”

ಅಜ್ಜಿ ಮೊಮ್ಮಗಳು ನಕ್ಕರು. ನಾನು ಚಟ್ನಿಪುಡಿ ಕಟ್ಟುವ ನೆಪ ಮಾಡಿಕೊಂಡು ಒಳಗೆ ಹೋದೆ.

ಸಕಲೇಶಪುರದ ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೂ ಯಜಮಾನರು ಕೈ ಬೀಸುತ್ತಲೇ ಇದ್ದರು. ಆಮೇಲಿನ ದಿನಗಳಲ್ಲಿ ಫೋನು ಸದ್ದು ಮಾಡಿದರೆ ಎದೆ ಹಾರುವುದು, ಮಾಡದಿದ್ದರೂ ಹಾರುವುದು. ಆನೆಯ ಸಂದೇಶವಾದರೆ ಸಮಾಧಾನ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಎಲ್ಲರೂ ಹಾಗೇ ಉಂಡೆವು. ಗುಂಡು ನಿಂತಿದೆ ಎಂದು ಟಿವಿ ಹೇಳಿದ ಮೇಲೂ ಮಗಳು ಬರಲಿಲ್ಲ. ವಾರ್ಡು ತುಂಬಾ ಗಾಯಾಳುಗಳಿದ್ದಾರೆ ಎಂದಳು.

ಈ ಗುರುವಾರ ಫೋನು ಮಾಡಿದಾಗ ದನಿ ಸ್ವಲ್ಪ ಕಟ್ಟಿತ್ತು.

“ಜ್ವರ ಏನಾದ್ರೂ ಐತೇನೇ?”

“ಇಲ್ಲಮ್ಮ, ನಿದ್ದೆ ಸಾಲ್ದು. ಪದಕ ಕಪ್ಪಿಡಿತಾ ಐತೆ ಕಣಮ್ಮ. ಇಲ್ಲಿ ಹುಣಸೆಹಣ್ಣು ಎಲ್ಲಿ ಸಿಗ್ತದೆ?”

“ಇರ್ಲಿ ಬಿಡು. ಬಂದ್ಮೇಲೆ ಉಜ್ಜಿದ್ರಾಯ್ತು.”

ಮರುದಿನ ಹಿತ್ತಲ ಕಲ್ಲಿನ ಮೇಲೆ ದೀಪ ತೊಳೆದೆ, ಗಂಟೆ ತೊಳೆದೆ, ತಟ್ಟೆ ತೊಳೆದೆ. ಉಳಿದಿದ್ದ ಪದಕ ಕೈಗೆ ಬಂತು. ಹಾಗೇ ಪಕ್ಕಕ್ಕಿಟ್ಟೆ.

“ಅದ್ನ್ಯಾಕೆ ಬುಟ್ಟೆ?” ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು.

“ಇದೂ ಕಪ್ಪಾಗ್ಲಿ ಅವ್ವ. ಅದು ಬರ್ಲಿ, ಎರಡೂ ಒಟ್ಟಿಗೆ ಉಜ್ಜಾನ.”

ಅವ್ವ ಅದನ್ನು ಸೆರಗಿನಲ್ಲಿ ಒಮ್ಮೆ ಒರೆಸಲು ಹೋದವಳು ಒರೆಸಲಿಲ್ಲ. ಹಾಗೆಯೇ ಒಯ್ದು ಗೂಡಿನಲ್ಲಿಟ್ಟಳು, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು.